ಕ್ಯಾಮೆರಾ ಮುಟ್ಟದೆ ಎಚ್‌ಡಿಆರ್: ತೊಟ್ಟಿ ಮನೆಯ ಬಿಸಿಲು, ಕತ್ತಲೆ ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿಯುವುದು ಹೇಗೆ

ತೀರ್ಥಹಳ್ಳಿ ಕಡೆ ನನ್ನ ದೊಡ್ಡಮ್ಮನ ಮನೆ ಇದೆ. ಹಳೇ ತೊಟ್ಟಿ ಮನೆ. ನಾಲ್ಕೂ ಕಡೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಮಧ್ಯಾಹ್ನ ಹನ್ನೆರಡಕ್ಕೆ ತೊಟ್ಟಿಯ ಕಲ್ಲಿನ ಮೇಲೆ ಕಣ್ಣು ಕುಕ್ಕುವ ಬಿಸಿಲು. ಅಲ್ಲಿಂದ ಹತ್ತು ಹೆಜ್ಜೆ ಒಳಗೆ ಬಂದರೆ ಗೋಡೆಗೆ ಒರಗಿಸಿಟ್ಟ ಅಡಿಕೆ ಮೂಟೆಯೂ ಸರಿಯಾಗಿ ಕಾಣದಷ್ಟು ಕತ್ತಲೆ. ನಮ್ಮ ಕಣ್ಣು ಎರಡನ್ನೂ ಹೇಗೋ ಸಂಭಾಳಿಸುತ್ತದೆ. ಕ್ಯಾಮೆರಾ ಸಂಭಾಳಿಸುವುದಿಲ್ಲ. ಕಲ್ಲು ಸರಿಯಾಗಿ ಬಂದರೆ ಪಡಸಾಲೆ ಮಸಿ. ಪಡಸಾಲೆ ಬಂದರೆ ತೊಟ್ಟಿ ಪೂರ್ತಿ ಬಿಳಿ ಹಾಳೆ.

ಇದಕ್ಕೆ ದಾರಿ ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್): ಒಂದೇ ದೃಶ್ಯವನ್ನು ಕಡಿಮೆ ಬೆಳಕಿನಲ್ಲಿ, ಜಾಸ್ತಿ ಬೆಳಕಿನಲ್ಲಿ ಹಲವು ಸಲ ತೆಗೆದು, ಆಮೇಲೆ ಒಂದೇ ಫೋಟೋ ಆಗಿ ಸೇರಿಸುವುದು. ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟೆ. ಒಂದು ಫೋಟೋ ತೆಗೆದೆ, ಡಯಲ್ ತಿರುಗಿಸಿದೆ, ಇನ್ನೊಂದು ತೆಗೆದೆ, ಮತ್ತೆ ತಿರುಗಿಸಿದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಸೇರಿಸಿದಾಗ ಕಂಬದ ಪಕ್ಕ ಇನ್ನೊಂದು ಮಸುಕು ಕಂಬ, ದೇವರ ಫೋಟೋಗೆ ಎರಡೆರಡು ಚೌಕಟ್ಟು. ಡಯಲ್ ತಿರುಗಿಸುವಾಗ ಕ್ಯಾಮೆರಾ ಕೂದಲೆಳೆಯಷ್ಟು ಅಲ್ಲಾಡಿತ್ತು, ಅಷ್ಟೇ. 24 ಮೆಗಾಪಿಕ್ಸೆಲ್ ಸೆನ್ಸರಿಗೆ ಅಷ್ಟು ಸಾಕು.

ಎಚ್‌ಡಿಆರ್‌ನಲ್ಲಿ ಫೋಟೋದಿಂದ ಫೋಟೋಗೆ ಬದಲಾಗಬೇಕಾದ್ದು ಶಟರ್ ಸ್ಪೀಡ್, ಅಂದರೆ ಬೆಳಕು ಒಳಗೆ ಬರಲು ಶಟರ್ ತೆರೆದಿರುವ ಹೊತ್ತು, ಒಂದೇ. ಉಳಿದದ್ದೆಲ್ಲ, ಕ್ಯಾಮೆರಾ ನಿಂತ ಜಾಗವೂ ಸೇರಿ, ಮೊಳೆ ಹೊಡೆದ ಹಾಗೆ ಇರಬೇಕು. ಕ್ಯಾಮೆರಾವನ್ನು ಫೋನಿನಿಂದಲೋ ಲ್ಯಾಪ್‌ಟಾಪಿನಿಂದಲೋ ನಡೆಸುವುದು ಇದಕ್ಕಾಗಿಯೇ.

ಕ್ಯಾಮೆರಾದಲ್ಲೇ ಬ್ರ್ಯಾಕೆಟಿಂಗ್ ಇದೆಯಲ್ಲ?

ಇದೆ. ಬ್ರ್ಯಾಕೆಟಿಂಗ್ ಅಂದರೆ ಒಂದೇ ದೃಶ್ಯವನ್ನು ಬೇರೆಬೇರೆ ಬೆಳಕಿನಲ್ಲಿ ಸಾಲಾಗಿ ತೆಗೆಯುವುದು. ಆದರೆ ಎಷ್ಟಿದೆ ಅಂತ ನೋಡಿ. ನನ್ನದು ಕ್ಯಾನನ್ 200ಡಿ. ಇದರ ಆಟೋ ಬ್ರ್ಯಾಕೆಟಿಂಗ್ ಮೂರು ಫೋಟೋ ಮಾತ್ರ ತೆಗೆಯುತ್ತದೆ: ನಡುವಿನದು ಒಂದು, 2 ಸ್ಟಾಪ್ ಕಡಿಮೆ ಒಂದು, 2 ಸ್ಟಾಪ್ ಜಾಸ್ತಿ ಒಂದು. ಸ್ಟಾಪ್ ಅಂದರೆ ಬೆಳಕನ್ನು ಎರಡರಷ್ಟು ಮಾಡುವುದು ಅಥವಾ ಅರ್ಧ ಮಾಡುವುದು. ಹಾಗಾಗಿ ಈ ಮೂರರಲ್ಲಿ ಈ ತುದಿಯಿಂದ ಆ ತುದಿಗೆ ಸಿಗುವುದು 4 ಸ್ಟಾಪ್. ಸಂಜೆಯ ಗದ್ದೆಗೆ, ಮೋಡದ ದಿನದ ಗುಡ್ಡಕ್ಕೆ ಧಾರಾಳ ಸಾಕು. ತೊಟ್ಟಿ ಮನೆಗೆ ಅರ್ಧಕ್ಕೂ ಬರಲಿಲ್ಲ. ಲೆಕ್ಕ ಮುಂದೆ ಕೊಡುತ್ತೇನೆ.

ನಿಕಾನ್‌ನ ಡಿ3300, ಡಿ3500 ತರಹದ ಆರಂಭಿಕ ಮಾಡೆಲ್‌ಗಳಲ್ಲಿ ಆಟೋ ಬ್ರ್ಯಾಕೆಟಿಂಗ್ ಇಲ್ಲವೇ ಇಲ್ಲ. ದುಬಾರಿ ಕ್ಯಾಮೆರಾಗಳಲ್ಲಿ 5, 7, 9 ಫೋಟೋಗಳ ಬ್ರ್ಯಾಕೆಟಿಂಗ್ ಸಿಗುತ್ತದೆ. ಅಂಥದ್ದು ಕೈಯಲ್ಲಿದ್ದರೆ ಒಂದು ಕೇಬಲ್ ರಿಮೋಟ್ ಕೊಂಡು ಆರಾಮಾಗಿರಿ. ಈ ಬರಹದ ಅರ್ಧ ನಿಮಗೆ ಬೇಡ.

ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ರಿಮೋಟ್ ಬಟನ್ ಮಾತ್ರ ಒತ್ತುತ್ತದೆ. ಶಟರ್ ಸ್ಪೀಡ್ ಬದಲಿಸುವುದು ಅದರ ಕೈಲಿ ಆಗುವುದಿಲ್ಲ. ಕೊಳ್ಳುವ ಮುಂಚೆ ಇದು ಗೊತ್ತಿರಲಿ. ನನಗೆ ಗೊತ್ತಿರಲಿಲ್ಲ.

ಯಾವುದರಿಂದ ನಡೆಸುವುದು: ಫೋನಾ, ಲ್ಯಾಪ್‌ಟಾಪಾ?

ಫೋನಿಗೆ ಕ್ಯಾನನ್‌ನವರ ಕ್ಯಾಮೆರಾ ಕನೆಕ್ಟ್ ಆ್ಯಪ್ ಇದೆ. ಕ್ಯಾಮೆರಾದ ಮೆನುವಿನಲ್ಲಿ ವೈಫೈ ಆನ್ ಮಾಡಿ, ಸ್ಮಾರ್ಟ್‌ಫೋನಿಗೆ ಜೋಡಿಸು ಅನ್ನುವುದನ್ನು ಆರಿಸಿ. ಕ್ಯಾಮೆರಾ ತನ್ನದೇ ಒಂದು ವೈಫೈ ಶುರು ಮಾಡಿ ಹೆಸರು, ಪಾಸ್‌ವರ್ಡ್ ತೋರಿಸುತ್ತದೆ. ಫೋನಿನಿಂದ ಆ ವೈಫೈಗೆ ಸೇರಿ ಆ್ಯಪ್ ತೆರೆಯಿರಿ. ರಿಮೋಟ್ ಲೈವ್ ವ್ಯೂ ಶೂಟಿಂಗ್ ಒತ್ತಿದರೆ ಕ್ಯಾಮೆರಾ ನೋಡುತ್ತಿರುವುದು ಫೋನಿನ ಪರದೆಯಲ್ಲಿ ಬರುತ್ತದೆ. ಅದೇ ಪರದೆಯಲ್ಲಿ ಶಟರ್ ಸ್ಪೀಡ್, ಅಪರ್ಚರ್ (ಲೆನ್ಸ್ ಒಳಗಿನ ಕಿಂಡಿ ಎಷ್ಟು ತೆರೆದಿದೆ), ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ) ಇರುತ್ತವೆ. ಬೇಕಾದ್ದನ್ನು ಮುಟ್ಟಿ ಬದಲಿಸಬಹುದು.

ಇಲ್ಲೊಂದು ಕಿರಿಕಿರಿ ಇದೆ. ಕ್ಯಾಮೆರಾದ ವೈಫೈನಲ್ಲಿ ಇಂಟರ್‌ನೆಟ್ ಇರುವುದಿಲ್ಲ. "ಇಲ್ಲಿ ನೆಟ್ ಇಲ್ಲ" ಅಂತ ಫೋನ್ ತಾನಾಗೇ ಆ ವೈಫೈ ಬಿಟ್ಟು ಹೋಗಿಬಿಡುತ್ತದೆ, ಅದೂ ಸರಿಯಾಗಿ ನಾಲ್ಕನೇ ಫೋಟೋ ಹೊತ್ತಿಗೆ. ಕೆಲಸ ಮುಗಿಯುವವರೆಗೆ ಮೊಬೈಲ್ ಡೇಟಾ ಆಫ್ ಮಾಡಿ. ಫೋನಿನ ಪರದೆ ಬೇಗ ಆರದ ಹಾಗೆ ಸಮಯ ಹೆಚ್ಚಿಸಿ. ಕ್ಯಾಮೆರಾದ ಆಟೋ ಪವರ್ ಆಫ್ ಕೂಡ ಆಫ್ ಮಾಡಿ.

ನನ್ನ ಓಟು ಲ್ಯಾಪ್‌ಟಾಪ್ ಮತ್ತು ಯುಎಸ್‌ಬಿ ಕೇಬಲಿಗೆ. ಸಂಪರ್ಕ ತಪ್ಪುವುದಿಲ್ಲ, ಬ್ಯಾಟರಿಯೂ ಕಡಿಮೆ ಖರ್ಚಾಗುತ್ತದೆ, ಹಿಸ್ಟೋಗ್ರಾಂ (ಫೋಟೋದಲ್ಲಿ ಕತ್ತಲೆ, ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ಬೆಟ್ಟದಂಥ ನಕ್ಷೆ; ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು) ದೊಡ್ಡದಾಗಿ ಕಾಣುತ್ತದೆ. ಕ್ಯಾನನ್‌ನವರ ಇಒಎಸ್ ಯುಟಿಲಿಟಿ ಪುಕ್ಕಟೆ ಸಾಫ್ಟ್‌ವೇರ್. ಅದನ್ನು ಹಾಕಿಕೊಂಡು, ಕ್ಯಾಮೆರಾದ ವೈಫೈ ಆಫ್ ಮಾಡಿ, ಕೇಬಲ್ ಚುಚ್ಚಿ. ವೈಫೈ ಆನ್ ಇದ್ದರೆ ಕೇಬಲ್ ಹಾಕಿದ್ದೂ ದಂಡ, ಕಂಪ್ಯೂಟರಿಗೆ ಕ್ಯಾಮೆರಾ ಕಾಣುವುದಿಲ್ಲ. ಚಾರ್ಜಿಂಗ್ ಮಾತ್ರ ಮಾಡುವ ಕೇಬಲ್ ಕೂಡ ನಡೆಯುವುದಿಲ್ಲ, ಡೇಟಾ ಹೋಗುವಂಥದ್ದೇ ಬೇಕು. ಸಾಫ್ಟ್‌ವೇರಿನಲ್ಲಿ ರಿಮೋಟ್ ಶೂಟಿಂಗ್ ಆರಿಸಿದರೆ ಕ್ಯಾಮೆರಾದ ಹಿಂದಿನ ಪರದೆಯಂಥದ್ದೇ ಒಂದು ಪುಟ್ಟ ಕಿಟಕಿ ತೆರೆಯುತ್ತದೆ. ಎಲ್ಲ ಸೆಟ್ಟಿಂಗ್ ಅಲ್ಲೇ.

ನಿಕಾನ್ ಇದ್ದು ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಡಿಜಿಕ್ಯಾಮ್‌ಕಂಟ್ರೋಲ್ ನೋಡಿ. ಇದೂ ಪುಕ್ಕಟೆ. ಇದರಲ್ಲಿ ಬ್ರ್ಯಾಕೆಟಿಂಗಿಗೆ ಅಂತಲೇ ಬೇರೆ ಕಿಟಕಿ ಇದೆ. ಬೇಕಾದ ಶಟರ್ ಸ್ಪೀಡ್‌ಗಳಿಗೆ ಟಿಕ್ ಹಾಕಿ ಶುರು ಮಾಡಿದರೆ ಒಂದಾದ ಮೇಲೊಂದು ತಾನೇ ತೆಗೆಯುತ್ತದೆ. ಲಿನಕ್ಸ್ ಬಳಸುವವರಿಗೆ ಜಿಫೋಟೋ2 ಇದೆ. ಟರ್ಮಿನಲ್‌ನಲ್ಲಿ ಶಟರ್ ಸ್ಪೀಡ್ ಇಡು, ಫೋಟೋ ತೆಗೆ, ಮುಂದಿನ ಸ್ಪೀಡ್ ಇಡು ಅಂತ ಕೆಲವು ಸಾಲು ಬರೆದಿಟ್ಟರೆ ಸಾಕು. ರಾಸ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರಿನಲ್ಲೂ ಓಡುತ್ತದೆ. ಒಂದು ವಿಷಯ: ಕೇಬಲ್ ಹಾಕಿದ ಕೂಡಲೇ ಉಬುಂಟುವಿನ ಫೈಲ್ ಮ್ಯಾನೇಜರ್ ಕ್ಯಾಮೆರಾವನ್ನು ಪೆನ್‌ಡ್ರೈವ್ ಅಂದುಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಜಿಫೋಟೋ2 ಎಷ್ಟು ಕೂಗಿದರೂ ಕ್ಯಾಮೆರಾ ಸಿಗುವುದಿಲ್ಲ. ಮೊದಲು ಅದನ್ನು ಎಜೆಕ್ಟ್ ಮಾಡಿ.

ಕ್ಯಾಮೆರಾವನ್ನು ಕಟ್ಟಿಹಾಕುವುದು

ಕೇಬಲ್ ಹಾಕುವ ಮುಂಚೆ ಕ್ಯಾಮೆರಾದಲ್ಲಿ ಇಷ್ಟು ಮುಗಿಸಿಕೊಳ್ಳಿ.

1. ಮೋಡ್ ಡಯಲ್ ಎಂ ಮೇಲೆ, ಅಂದರೆ ಮ್ಯಾನ್ಯುಯಲ್. ಇದನ್ನು ಕೈಯಿಂದಲೇ ತಿರುಗಿಸಬೇಕು.

2. ಅಪರ್ಚರ್ ಎಫ್ 8. ಹತ್ತಿರದ ಕಂಬವೂ ಎದುರಿನ ಗೋಡೆಯೂ ಶಾರ್ಪ್ ಆಗಿ ಬರುತ್ತವೆ. ಒಮ್ಮೆ ಇಟ್ಟ ಮೇಲೆ ಇದನ್ನು ಮುಟ್ಟಬೇಡಿ. ಅಪರ್ಚರ್ ಬದಲಿಸಿ ಬ್ರ್ಯಾಕೆಟ್ ಮಾಡಿದರೆ ಪ್ರತಿ ಫೋಟೋದಲ್ಲೂ ಮಸುಕಾಗುವ ಭಾಗ ಬೇರೆಬೇರೆ ಆಗುತ್ತದೆ, ಆಮೇಲೆ ಸೇರಿಸಿದರೆ ಕಲಸುಮೇಲೋಗರ.

3. ಐಎಸ್‌ಒ 100. ಆಟೋ ಐಎಸ್‌ಒ ಇದ್ದರೆ ನೀವು ಶಟರ್ ನಿಧಾನ ಮಾಡಿದಷ್ಟೂ ಅದು ಐಎಸ್‌ಒ ಇಳಿಸಿ ಎಲ್ಲ ಫೋಟೋವನ್ನೂ ಒಂದೇ ತರಹ ಮಾಡಿಡುತ್ತದೆ. ಆರು ಫೋಟೋ, ಆರೂ ಒಂದೇ ಬೆಳಕು!

4. ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಹಾಗೆ ಬಣ್ಣ ಹೊಂದಿಸುವುದು) ಆಟೋ ಬೇಡ. ಡೇಲೈಟ್ ಇಟ್ಟು ಬಿಡಿ.

5. ಫೈಲ್ ರಾ ಇರಲಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಹೆಚ್ಚುಕಡಿಮೆ ಹಾಗೇ ಉಳಿಸುವ ಫೈಲ್. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ ಮಾತ್ರ, ಕತ್ತಲೆಯಲ್ಲಿ ಎತ್ತಿದರೆ ಬೇಗ ಹರಿದುಹೋಗುತ್ತದೆ.

6. ಫೋಕಸ್: ಬೆಳಕು-ಕತ್ತಲೆ ಸೇರುವ ಕಡೆ ಇರುವ ಕಂಬದ ಮೇಲೆ ಆಟೋಫೋಕಸ್ ಮಾಡಿ. ಆಮೇಲೆ ಲೆನ್ಸ್ ಪಕ್ಕದ ಗುಂಡಿಯನ್ನು ಎಂಎಫ್‌ಗೆ, ಅಂದರೆ ಮ್ಯಾನ್ಯುಯಲ್ ಫೋಕಸ್‌ಗೆ, ತಳ್ಳಿ. ಮತ್ತೆ ಫೋಕಸ್ ಹುಡುಕುವ ತಂಟೆ ಇಲ್ಲ.

7. ಲೆನ್ಸಿನ ಸ್ಟೆಬಿಲೈಸರ್ ಆಫ್. ಟ್ರೈಪಾಡ್ ಮೇಲೆ ಅದು ಇಲ್ಲದ ಅಲುಗಾಟ ಹುಡುಕುತ್ತದೆ.

8. ಆಟೋ ಲೈಟಿಂಗ್ ಆಪ್ಟಿಮೈಸರ್, ಹೈಲೈಟ್ ಟೋನ್ ಪ್ರಯಾರಿಟಿ, ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಮೂರೂ ಆಫ್. ಕೊನೆಯದು ಆನ್ ಇದ್ದರೆ 2 ಸೆಕೆಂಡಿನ ಫೋಟೋಗೆ ಇನ್ನೂ 2 ಸೆಕೆಂಡು ಕಾಯಿಸುತ್ತದೆ.

ಟ್ರೈಪಾಡ್ ವಿಷಯಕ್ಕೆ ಬಂದರೆ, ನಡುವಿನ ಕಂಬವನ್ನು ಮೇಲೆತ್ತಬೇಡಿ. ಕಾಲುಗಳನ್ನೇ ಉದ್ದ ಮಾಡಿ. ನಡುವಿನ ಕೊಕ್ಕೆಗೆ ಕ್ಯಾಮೆರಾ ಬ್ಯಾಗ್ ತೂಗುಹಾಕಿ, ಆದರೆ ಅದು ಗಾಳಿಗೆ ತೂಗಾಡದ ಹಾಗೆ ನೆಲಕ್ಕೆ ತಾಗಿರಲಿ. ಕೇಬಲನ್ನು ಟ್ರೈಪಾಡ್ ಕಾಲಿಗೆ ಒಂದು ಸುತ್ತು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಲ್ಯಾಪ್‌ಟಾಪ್ ಸರಿಸಿದಾಗ ಎಳೆತ ಕಾಲಿಗೆ ಬೀಳಲಿ, ಕ್ಯಾಮೆರಾಗೆ ಬೇಡ.

ಕೆಂಪು ರೆಡ್ ಆಕ್ಸೈಡ್ ನೆಲದಲ್ಲಿ ನನಗೆ ತೊಂದರೆ ಆಗಲಿಲ್ಲ. ತೊಂದರೆ ಆಗಿದ್ದು ಅಟ್ಟದಲ್ಲಿ. ಅಟ್ಟದಿಂದ ತೊಟ್ಟಿ ಚೆನ್ನಾಗಿ ಕಾಣುತ್ತದೆ ಅಂತ ಮೇಲೆ ಹತ್ತಿದೆ. ಹಲಗೆಯ ನೆಲ. ನಾನು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರೂ ಪರದೆಯಲ್ಲಿ ಎದುರಿನ ಹೆಂಚು ಕುಣಿಯುತ್ತಿತ್ತು. ಕೊನೆಗೆ ಕ್ಯಾಮೆರಾ ಅಟ್ಟದಲ್ಲೇ ಬಿಟ್ಟು, ಫೋನ್ ಹಿಡಿದು ಕೆಳಗಿಳಿದು ಜಗುಲಿಯಲ್ಲಿ ಕೂತು ತೆಗೆದೆ. ಅವತ್ತು ಮಾತ್ರ ವೈಫೈ ಗೆದ್ದಿತು.

ಬೆಳಕು ಅಳೆಯುವುದು

ಎಷ್ಟು ಫೋಟೋ ಬೇಕು ಅನ್ನುವುದನ್ನು ಅಂದಾಜಿನಲ್ಲಿ ಹೇಳಬೇಡಿ, ಅಳೆಯಿರಿ. ಎರಡು ತುದಿ ಗೊತ್ತಾದರೆ ಸಾಕು.

ಮೊದಲು ಬಿಸಿಲಿನ ತುದಿ. ಶಟರ್ ವೇಗ ಹೆಚ್ಚಿಸುತ್ತಾ ಹೋಗಿ ಒಂದೊಂದು ಫೋಟೋ ತೆಗೆದು ಹಿಸ್ಟೋಗ್ರಾಂ ನೋಡಿ. ಹಿಸ್ಟೋಗ್ರಾಂ ಬೆಟ್ಟದ ಬಲಗಡೆ ಪಾದ ಚೌಕಟ್ಟಿನ ಬಲ ಗೋಡೆಗೆ ತಾಗದೆ ನಿಂತಿತು ಅಂದರೆ ಅಲ್ಲಿಗೆ ಸಾಕು. ಆ ದಿನ ತೊಟ್ಟಿಯ ಕಲ್ಲಿಗೆ ಅದು 1/500 ಸೆಕೆಂಡು ಬಂತು. ಇಡೀ ಪಡಸಾಲೆ ಕಪ್ಪಾಗಿದ್ದರೂ ಯೋಚನೆ ಬೇಡ.

ಆಮೇಲೆ ಕತ್ತಲೆಯ ತುದಿ. ನಿಧಾನ ಮಾಡುತ್ತಾ ಹೋಗಿ. ಹಿಸ್ಟೋಗ್ರಾಂನ ಎಡ ಪಾದ ಎಡ ಗೋಡೆಯಿಂದ ಬಿಟ್ಟುಬಂದು, ಮೂಟೆಯ ನೇಯ್ಗೆ ಪರದೆಯಲ್ಲಿ ಕಾಣಿಸಬೇಕು. ಅದು 2 ಸೆಕೆಂಡಿಗೆ ಬಂತು. ಈ ಫೋಟೋದಲ್ಲಿ ತೊಟ್ಟಿ ಪೂರ್ತಿ ಸುಟ್ಟಿರುತ್ತದೆ, ಇರಲಿ.

ಈಗ ಲೆಕ್ಕ. 1/500ರಿಂದ 2 ಸೆಕೆಂಡಿಗೆ ಸಾವಿರ ಪಟ್ಟು. ಎರಡನ್ನು ಹತ್ತು ಸಲ ಗುಣಿಸಿದರೆ 1024. ಅಂದರೆ ಹೆಚ್ಚುಕಡಿಮೆ 10 ಸ್ಟಾಪ್. ಕ್ಯಾಮೆರಾದ ಆಟೋ ಬ್ರ್ಯಾಕೆಟಿಂಗ್ ಕೊಡುತ್ತಿದ್ದದ್ದು 4. ಅರ್ಧಕ್ಕೂ ಬರಲಿಲ್ಲ ಅಂದಿದ್ದು ಇದಕ್ಕೇ.

ರಾ ಫೈಲ್ ಆದರೆ ಫೋಟೋದಿಂದ ಫೋಟೋಗೆ 2 ಸ್ಟಾಪ್ ಅಂತರ ಸಾಕು. ಆಗ ಸಾಲು ಹೀಗಾಗುತ್ತದೆ: 1/500, 1/125, 1/30, 1/8, 1/2, 2 ಸೆಕೆಂಡು. ಆರು ಫೋಟೋ. ಒಂದೊಂದೇ ಸ್ಟಾಪ್ ಅಂತರದಲ್ಲಿ ಹನ್ನೊಂದು ತೆಗೆಯುವವರೂ ಇದ್ದಾರೆ. ನಾನೂ ಒಮ್ಮೆ ತೆಗೆದು ನೋಡಿದೆ. ಹಾರ್ಡ್ ಡಿಸ್ಕ್ ತುಂಬಿತು, ಫೋಟೋದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಈ ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಶಟರ್ ಸ್ಪೀಡ್ ಮೂರನೇ ಒಂದು ಸ್ಟಾಪಿನ ಮೆಟ್ಟಿಲುಗಳಲ್ಲಿ ಹೋಗುತ್ತದೆ. ಹಾಗಾಗಿ ಪ್ರತಿ ಸಲ ಆರು ಮೆಟ್ಟಿಲು. ಎಣಿಸುತ್ತಾ ಹೋದರೆ ಎಲ್ಲೋ ತಪ್ಪುತ್ತದೆ, ಚೀಟಿ ನೋಡಿ ಇಡುವುದು ವಾಸಿ.

ಚೀಟಿಯಲ್ಲಿ ಸೆಕೆಂಡಿನ ಗುರುತು ಮರೆಯಬೇಡಿ. ಕ್ಯಾನನ್‌ನ ವ್ಯೂಫೈಂಡರಿನಲ್ಲಿ 4 ಅಂತ ಇದ್ದರೆ ಕಾಲು ಸೆಕೆಂಡು. 4" ಅಂತ ಇದ್ದರೆ ನಾಲ್ಕು ಸೆಕೆಂಡು. ಅರ್ಧ ಸೆಕೆಂಡನ್ನು 0"5 ಅಂತ ತೋರಿಸುತ್ತದೆ. ಆ ಪುಟ್ಟ ಎರಡು ಗೀಟಿನಲ್ಲಿ 4 ಸ್ಟಾಪ್ ವ್ಯತ್ಯಾಸ ಇದೆ.

ತೆಗೆಯುವುದು

ಮೊದಲು ಫ್ಯಾನ್ ಆಫ್ ಮಾಡಿ. ಗೋಡೆಯ ಕ್ಯಾಲೆಂಡರ್ ಫ್ಯಾನಿನ ಗಾಳಿಗೆ ಆಡುತ್ತಿರುತ್ತದೆ, ನಮ್ಮ ಗಮನಕ್ಕೇ ಬರುವುದಿಲ್ಲ. ಆರು ಫೋಟೋದಲ್ಲಿ ಆರು ಕಡೆ ಇರುತ್ತದೆ. ಹಗ್ಗದ ಮೇಲೆ ಒಣಹಾಕಿದ ಪಂಚೆ, ತುಳಸಿ ಗಿಡದ ಎಲೆ, ಹೊಸ್ತಿಲ ಮೇಲೆ ಮಲಗಿದ ಬೆಕ್ಕು ಇವನ್ನೂ ನೋಡಿಕೊಳ್ಳಿ. ಬೆಕ್ಕನ್ನು ಎಬ್ಬಿಸುವುದಕ್ಕಿಂತ ಅದು ನಿದ್ದೆ ಹೋಗುವವರೆಗೆ ಕಾಯುವುದು ಸುಲಭ.

ಆಮೇಲೆ ದೀಪ. ನಮ್ಮ ಕರೆಂಟ್ 50 ಹರ್ಟ್ಜ್. ಟ್ಯೂಬ್‌ಲೈಟ್, ಕೆಲವು ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, 1/500 ಸೆಕೆಂಡಿನ ಶಟರಿಗೆ ಕಾಣುತ್ತದೆ. ಫೋಟೋದಲ್ಲಿ ಅಡ್ಡ ಪಟ್ಟೆ ಬರುತ್ತದೆ. 1/50ಕ್ಕಿಂತ ನಿಧಾನವಾದ ಫೋಟೋಗಳಲ್ಲಿ ಪಟ್ಟೆ ಇರುವುದಿಲ್ಲ, ಹಾಗಾಗಿ ಸೇರಿಸುವ ಸಾಫ್ಟ್‌ವೇರಿಗೆ ತಲೆಕೆಡುತ್ತದೆ. ದೀಪ ಆರಿಸಿಬಿಡಿ. ಹೇಗೂ ಕತ್ತಲೆ ಹಿಡಿಯುವುದಕ್ಕೇ ತಾನೇ ಇಷ್ಟೆಲ್ಲ ಮಾಡುತ್ತಿರುವುದು?

ಲೈವ್ ವ್ಯೂ ಆನ್ ಇರಲಿ. ಆಗ ಕ್ಯಾಮೆರಾದ ಕನ್ನಡಿ ಮೇಲೇ ಇರುತ್ತದೆ, ಪ್ರತಿ ಫೋಟೋಗೂ ಟಪ್ ಅಂತ ಬಡಿದು ಅಲುಗಿಸುವುದಿಲ್ಲ. 1/8, 1/2 ಸೆಕೆಂಡಿನ ಫೋಟೋಗಳಲ್ಲಿ ಈ ಬಡಿತ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನು ಕೆಲಸ ಬೇಗ ಮುಗಿಯುತ್ತದೆ. ಕಿಟಕಿಯಲ್ಲಿ 1/500 ಇಡಿ, ಶಟರ್ ಒತ್ತಿ. ಫೈಲ್ ಬಂದು ಪರದೆಯಲ್ಲಿ ಕೂತ ಮೇಲೆ 1/125 ಇಡಿ, ಒತ್ತಿ. ಹೀಗೆ 2 ಸೆಕೆಂಡಿನವರೆಗೆ. ಫೈಲನ್ನು ಕಾರ್ಡ್ ಮತ್ತು ಕಂಪ್ಯೂಟರ್ ಎರಡರಲ್ಲೂ ಉಳಿಸುವ ಹಾಗೆ ಪ್ರಿಫರೆನ್ಸಸ್‌ನಲ್ಲಿ ಹೇಳಿಟ್ಟಿರಿ. ಸಾಲು ಮುಗಿದ ಮೇಲೆ ಅಂಗೈಯನ್ನು ಲೆನ್ಸಿನ ಮುಂದೆ, ತಾಗಿಸದೆ, ಹಿಡಿದು ಒಂದು ಫೋಟೋ ತೆಗೆಯಿರಿ. ಆಮೇಲೆ ನೂರು ಫೋಟೋ ನಡುವೆ ಒಂದು ಸಾಲು ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದು ಆ ಅಂಗೈಯಿಂದಲೇ.

ಮೋಡ ಮಾತ್ರ ನಮ್ಮ ಕೈಯಲ್ಲಿಲ್ಲ. ಮೂರನೇ ಫೋಟೋ ಹೊತ್ತಿಗೆ ಸೂರ್ಯನ ಮುಂದೆ ಮೋಡ ಬಂದರೆ ಉಳಿದ ಮೂರು ತೆಗೆದು ಪ್ರಯೋಜನ ಇಲ್ಲ. ಕಾಯಿರಿ, ಮೊದಲಿನಿಂದ ತೆಗೆಯಿರಿ. ಆಷಾಢದಲ್ಲಿ ಮಲೆನಾಡಿಗೆ ಹೋಗಿ ಈ ಕೆಲಸ ಮಾಡಲು ನೋಡಿದ ಪುಣ್ಯಾತ್ಮ ನಾನೇ. ಮೂರು ದಿನದಲ್ಲಿ ಒಂದು ಸಾಲೂ ಪೂರ್ತಿ ಆಗಲಿಲ್ಲ.

ಬೇಲೂರು, ಸೋಮನಾಥಪುರದ ದೇವಸ್ಥಾನಗಳ ಒಳಗೂ ಇದೇ ಬೆಳಕಿನ ಸಮಸ್ಯೆ. ಅಲ್ಲಿ ಟ್ರೈಪಾಡ್ ನಿಲ್ಲಿಸುವ ಮುಂಚೆ ಪುರಾತತ್ವ ಇಲಾಖೆಯ ಅನುಮತಿ ವಿಚಾರಿಸಿಕೊಂಡೇ ಹೋಗಿ.

ಸೇರಿಸುವುದು

ಒಂದೇ ದೃಶ್ಯಕ್ಕೆ ಎರಡು ಬೆಳಕಿನ ಅಳತೆ ಅನ್ನುವುದು ಹೊಸ ಐಡಿಯಾ ಏನಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮುದ್ರಿಸುತ್ತಿದ್ದ. ಡಿಜಿಟಲ್ ಕಾಲಕ್ಕೆ ಇದರ ಗಣಿತವನ್ನು ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ಬರೆದರು. ಈಗ ನಮಗೆ ಅದು ಒಂದು ಬಟನ್.

ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಂ ಇದ್ದರೆ ಆರೂ ಫೋಟೋ ಆರಿಸಿ, ಫೋಟೋ ಮರ್ಜ್ ಒಳಗೆ ಎಚ್‌ಡಿಆರ್ ಒತ್ತಿ. ಡಿಘೋಸ್ಟ್ ಅನ್ನುವುದನ್ನು ಮೊದಲು ಆಫ್ ಇಟ್ಟೇ ನೋಡಿ. ಎಲೆಯೋ ಬಟ್ಟೆಯೋ ಅಲ್ಲಾಡಿದ್ದರೆ ಮಾತ್ರ ಕಡಿಮೆ ಮಟ್ಟದಲ್ಲಿ ಹಾಕಿ. ಬರುವ ಫೈಲ್ ಡಿಎನ್‌ಜಿ, ಮಾಮೂಲಿ ರಾ ತರಹವೇ ತಿದ್ದಬಹುದು.

ದುಡ್ಡು ಖರ್ಚು ಮಾಡದೆ ಆಗಬೇಕಾದರೆ ಡಾರ್ಕ್‌ಟೇಬಲ್ ಇದೆ. ಇದು ರಾ ಫೈಲ್‌ಗಳನ್ನು ಸೇರಿಸುತ್ತದೆ, ಆದರೆ ಒಂದರ ಮೇಲೊಂದು ಹೊಂದಿಸಿ ಕೂರಿಸುವ ಕೆಲಸ ಮಾಡುವುದಿಲ್ಲ. ಇದ್ದ ಹಾಗೇ ಪೇರಿಸುತ್ತದೆ. ನನ್ನ ಮೊದಲ ಸಲದ ಫೋಟೋ ಹಾಕಿದರೆ ಎರಡೆರಡು ಕಂಬ. ಕೇಬಲ್‌ನಿಂದ ತೆಗೆದದ್ದನ್ನು ಹಾಕಿದರೆ ಹೆಂಚಿನ ಅಂಚು ಕೂಡ ಗೆರೆ ಎಳೆದ ಹಾಗೆ. ನಿಮ್ಮ ಟ್ರೈಪಾಡ್ ಎಷ್ಟು ಗಟ್ಟಿ ಅಂತ ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೇದಿಲ್ಲ.

ನನಗೆ ಹೆಚ್ಚು ಇಷ್ಟ ಎನ್‌ಫ್ಯೂಸ್. ಪನೋರಮಾ ಜೋಡಿಸುವ ಸಾಫ್ಟ್‌ವೇರ್ ಹ್ಯೂಗಿನ್ ಜೊತೆ ಪುಕ್ಕಟೆ ಬರುತ್ತದೆ. ಇದಕ್ಕೆ ರಾ ಹೋಗುವುದಿಲ್ಲ, ಮೊದಲು ಆರನ್ನೂ ಒಂದೇ ಸೆಟ್ಟಿಂಗ್‌ನಲ್ಲಿ 16 ಬಿಟ್ ಟಿಫ್ ಮಾಡಿಕೊಡಬೇಕು. ಪ್ರತಿ ಫೋಟೋದಲ್ಲಿ ಚೆನ್ನಾಗಿ ಬಂದ ಭಾಗಕ್ಕೆ ಹೆಚ್ಚು ತೂಕ ಕೊಟ್ಟು ಬೆರೆಸುತ್ತದೆ. ಎಚ್‌ಡಿಆರ್ ಅಂದ ಕೂಡಲೇ ನೆನಪಾಗುವ ಆ ನೀಲಿ-ಕಿತ್ತಳೆ ಜಾತ್ರೆಯ ಬಣ್ಣ ಇದರಲ್ಲಿ ಬರುವುದಿಲ್ಲ.

ಯಾವುದರಲ್ಲೇ ಮಾಡಿ, ಕತ್ತಲೆಯ ಭಾಗವನ್ನು ಬೆಳಗಿಸುವ ಶ್ಯಾಡೋಸ್ ಸ್ಲೈಡರನ್ನು ಪೂರ್ತಿ ಎಳೆಯಬೇಡಿ. ನಾನು ಎಳೆದಿದ್ದೆ. ಪ್ರಿಂಟ್ ಹಾಕಿಸಿ ದೊಡ್ಡಮ್ಮನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದರು. "ಇದು ಯಾರ ಮನೆ ಮಾರಾಯ?" ಅಂದರು. ಆಮೇಲೆ ಬೆರಳಿಟ್ಟು ತೋರಿಸಿದರು, "ಮೂಲೆಲಿ ಜೇಡರ ಬಲೆ ಇರದು ಮೊದಲೇ ಹೇಳಿದ್ರೆ ಗುಡಿಸ್ತಿದ್ನಲ್ಲ."

ಎರಡನೇ ಪ್ರಿಂಟಿನಲ್ಲಿ ಪಡಸಾಲೆಯನ್ನು 1 ಸ್ಟಾಪ್ ಇಳಿಸಿದೆ. ಮೂಟೆಯ ನೇಯ್ಗೆ ಇನ್ನೂ ಕಾಣುತ್ತದೆ. ಬಲೆ ಕಾಣುವುದಿಲ್ಲ.